ಎಡಗೈ ಸುತ್ತು

ಜೂನ್ 3, ಸೋಮವಾರ. ಸಂಜೆ

ಅಮ್ಮಿ ಬಾಗಿಲಲ್ಲೇ ತಡೆದರು. ಬಟ್ಟೆ ಝಾಡಿಸಿ ಒಳಗೆ ಬಾ ಅಂತ. ದಿನಾ ಇದೇ. ಇಂಟರ್ನೆಟ್ ಲೈನಿನ ಫೈಬರ್ ಚೂರು ಕೂದಲಿಗಿಂತ ಸಣ್ಣ, ಕಣ್ಣಿಗೆ ಕಾಣುವುದಿಲ್ಲ, ಆದರೆ ಗಾಜು. ಹೋದ ವರ್ಷ ಒಂದು ಚೂರು ಅಮ್ಮಿಯ ಬೆರಳಿಗೆ ಚುಚ್ಚಿ ರೊಟ್ಟಿ ಬಡಿಯುವುದೇ ನಿಂತಿತ್ತು. ಅವತ್ತಿನಿಂದ ನನ್ನ ಮೇಲೆ ಪೊಲೀಸ್ ಕಣ್ಣು.

ನೇಕಾರರ ಸಂಘದ ಕೆಲಸ ಮುಗಿಯಿತು. ಆಫೀಸಿನಿಂದ ಬಸ್ ಸ್ಟ್ಯಾಂಡ್ ಹತ್ತಿರದ ಸೀರೆ ಅಂಗಡಿಯವರೆಗೆ ಫೈಬರ್. ಅಂಗಡಿಯ ಮಾಳಿಗೆ ಮೇಲೆ ಡಿಶ್. ಅಲ್ಲಿಂದ ಲಕ್ಕಲಕಟ್ಟಿಯ ನೂಲಿನ ಡಿಪೋಗೆ ವೈರ್‌ಲೆಸ್. ಅಷ್ಟು ದೂರ ಹೊಲಗಳ ನಡುವೆ ಕೇಬಲ್ ಹೂಳಲು ಯಾರ ಹತ್ತಿರ ದುಡ್ಡಿದೆ. ಡಿಶ್‌ಗೆ ಡಿಶ್ ಕಂಡರೆ ಸಾಕು. ಇನ್ನು ಲಕ್ಕಲಕಟ್ಟಿಯವರು ನೂಲಿಗಾಗಿ ಗಜೇಂದ್ರಗಡಕ್ಕೆ ಬರಬೇಕಿಲ್ಲ. ಅಲ್ಲೇ ಹೆಬ್ಬೆಟ್ಟು ಒತ್ತಿದರೆ ಇಲ್ಲಿ ದಾಖಲು.

ಫೈಬರ್ ಜೋಡಣೆ ಪೂರಾ ನನ್ನದು. ಮೊದಲ ಸಲ. ಇಷ್ಟು ದಿನ ಜೊತೆಗೆ ಕೆಲಸ ಮಾಡುವ ದಿಲಾವರಭಾಯಿ ಪಕ್ಕದಲ್ಲಿ ಕೂತು ಬೇಸೂರ ಹಾಡು ಹೇಳುತ್ತಾ ನನ್ನ ಕೈ ನೋಡುತ್ತಿದ್ದ. ಇವತ್ತು ಅವನು ಕಂಬದ ಮೇಲೆ, ನಾನು ಕೆಳಗೆ ಒಬ್ಬಳೇ. ಹಸಿರು ದೀಪ ಹತ್ತಿದಾಗ ಕಿರುಚಿಬಿಟ್ಟೆ. ನಾಚಿಕೆಯಾಯಿತು.

ಅಬ್ಬಾ ಅಲ್ಲೇ ನಿಂತಿದ್ದರು. ಸಂಘದ ಆಫೀಸಿನಲ್ಲಿ ಜವಾನರಲ್ಲವೇ, ನಿಲ್ಲಲೇಬೇಕು. ಆದರೆ ಒಗೆದ ಟೊಪ್ಪಿಗೆ ಹಾಕಿಕೊಂಡು ನಿಲ್ಲಬೇಕಿರಲಿಲ್ಲ. ಮಗ್ಗ ಬಿಟ್ಟ ಮೇಲೆ ಅವರ ಮುಖದಲ್ಲಿ ಇಂಥ ಕಳೆ ನೋಡಿರಲಿಲ್ಲ. ಬಲಭುಜ ಹೋಯಿತು, ಲಾಳಿ ಎಸೆಯಲು ಆಗಲಿಲ್ಲ, ಈಗ ಕಸಬರಿಗೆಯೂ ಎಡಗೈಯಲ್ಲೇ.

"ದಾರದಾಗ ಬೆಳಕು ಹ್ಯಾಂಗ ಹೋಗ್ತೈತಿ ಬೇಟಾ?" ಕೇಳಿದರು.

"ಒಳಗ ಗಾಜಿನ ಎಳಿ ಐತ್ರಿ ಅಬ್ಬಾ. ಜಗ್ಗಬ್ಯಾಡ್ರಿ, ಮುರೀತೈತಿ."

ಅಷ್ಟೇ ಹೇಳಿದೆ. ಬಸ್ಸಿಗೆ ಹೊತ್ತಾಗಿತ್ತು.

ಒಂದೇ ಕೊರತೆ. ಗೋಡೆಯ ಡಬ್ಬಿಯಿಂದ ಮಷೀನಿಗೆ ಹೋಗುವ ಹಳದಿ ಪ್ಯಾಚ್ ಕಾರ್ಡ್, ಒಳಗೆ ಫೈಬರ್ ಇರುವ ವೈರು, ಬೇಕಾದ್ದಕ್ಕಿಂತ ಉದ್ದ. ಗಿಡ್ಡದ್ದು ನಮ್ಮ ಅಂಗಡಿಯಲ್ಲಿ ಇರಲಿಲ್ಲ. ಗೋಡೆಗೆ ಜೋತು ಬಿದ್ದಿದೆ. ಸಂಘದ ಸೆಕ್ರೆಟರಿ ಬಾಷಾಸಾಬ್ರು ನೋಡಿ ಅಬ್ಬಾನ ಕಡೆ ತಿರುಗಿ ನಕ್ಕರು. "ಏನಪಾ ಗನಿ, ನೇಕಾರನ ಮಗಳು ಎಳಿ ಜೋತ ಬಿಟ್ಟ ಹೊಂಟಾಳಲ್ಲ!" ನಾನೂ ನಕ್ಕೆ. ಅಬ್ಬಾ ನಗಲಿಲ್ಲ.

ನಮ್ಮ ಅಂಗಡಿಯ ಮಾಲೀಕರು ದ್ಯಾಮೇಶ ಸರ್ ರೋಣದಿಂದ ಫೋನ್ ಮಾಡಿದ್ದರು. ಈ ಲೈನ್ ಈ ತಿಂಗಳು ತಕರಾರಿಲ್ಲದೆ ನಡೆದರೆ ನರಗುಂದದ ಕಾಲೇಜಿನ ಕೆಲಸ ನನಗೇ. ಮೂರು ಕಟ್ಟಡ, ಹಾಸ್ಟೆಲ್, ಲೈಬ್ರರಿ. ನಾನೇ ಮುಂದೆ ನಿಂತು. ಬರೆಯುವಾಗಲೂ ಕೈ ಬೆಚ್ಚಗಾಗುತ್ತಿದೆ.

ಜೂನ್ 6, ಗುರುವಾರ

ಬೆಳಿಗ್ಗೆಯೇ ಲಕ್ಕಲಕಟ್ಟಿ ಡಿಪೋದ ದುರ್ಗಾ ಫೋನ್. "ಅಕ್ಕಾರ, ಹೋತ್ರಿ. ಹೆಬ್ಬಟ್ಟ ತಗೋವಲ್ದು. ಮಂದಿ ಸರತಿ ನಿಂತೈತಿ."

ಡಿಶ್ ಇರಬೇಕು ಅಂದುಕೊಂಡೆ. ಪಾರಿವಾಳ, ಗಾಳಿ, ಏನೋ. ಬಸ್ ಹತ್ತಿ ಅಬ್ಬಾಗೆ ಫೋನ್ ಹಚ್ಚಿದೆ: ಲಕ್ಕಲಕಟ್ಟಿ ನೋಡಿಕೊಂಡು ಆಫೀಸಿಗೂ ಬರುತ್ತೇನೆ ಅಂತ. ಡಿಪೋ ಮುಟ್ಟುವಷ್ಟರಲ್ಲಿ ಲೈನ್ ತಾನಾಗಿ ಬಂದಿತ್ತು! ದುರ್ಗಾ ಕೈಮುಗಿದಳು. ನಾನೇನೂ ಮಾಡಿರಲಿಲ್ಲ. ಆದರೂ ಮಾಡಿದವಳ ಹಾಗೆ ಮುಖ ಮಾಡಿದೆ.

ಆಫೀಸಿಗೆ ಬಂದರೆ ಅಬ್ಬಾ ಡಬ್ಬಿಯ ಬಾಗಿಲು ತೆರೆದು, ಧೂಳು ಒರೆಸಿ, ಹಳದಿ ಕಾರ್ಡನ್ನು ಬಿಳಿ ಟವೆಲ್ ಮೇಲೆ ಒಣಗಲು ಹಾಕಿದ ಶಾವಿಗೆಯ ಹಾಗೆ ಹರವಿ ಇಟ್ಟಿದ್ದರು. ಚಹಾ ಬೇರೆ. ಯಾರ ಅಪ್ಪ ಹೀಗೆ ಮಾಡುತ್ತಾನೆ? ಬೆಳಕು ಅಳೆಯುವ ಪವರ್ ಮೀಟರ್ ಹಚ್ಚಿ ನೋಡಿದೆ, ಬೆಳಕು ಬೇಕಾದಷ್ಟಿದೆ.

ಜೂನ್ 8

ಮತ್ತೆ ಹೋಯಿತು. ಮತ್ತೆ ನಾನು ಬರುವಷ್ಟರಲ್ಲಿ ಬಂತು. "ಜಬೀನಾ ಬಸ್ ಹತ್ತಿದ್ದ ಕೇಳಿ ಲೈನ್ ಅಂಜಿ ಬರ್ತೈತಿ ನೋಡು" ಅಂತ ಬಾಷಾಸಾಬ್ರು ನನ್ನ ಹೆಸರು ಹಿಡಿದು ಛೇಡಿಸಿದರು. ನಗು ಬರಲಿಲ್ಲ.

ಜೂನ್ 11, ಮಂಗಳವಾರ

ಜಗಳ. ದಿಲಾವರಭಾಯಿ ಜೊತೆ. ನಡುರಸ್ತೆಯಲ್ಲಿ.

ಅವನು ಕಂಬಕ್ಕೆ ಕೇಬಲ್ ಬಿಗಿ ಕಟ್ಟಿದ್ದಾನೆ, ಬಿಸಿಲು ಏರಿದಾಗ ಜಗ್ಗುತ್ತದೆ, ಅದಕ್ಕೇ ಲೈನ್ ಹೋಗುವುದು ಅಂದೆ. ಅವನು ಏಣಿ ಕೆಳಗಿಟ್ಟು ಹೇಳಿದ್ದು: "ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ."

ಮೈಯೆಲ್ಲ ಉರಿಯಿತು. ನಿನಗೆ ಹೊಟ್ಟೆಕಿಚ್ಚು, ನರಗುಂದದ ಕೆಲಸ ನನಗೆ ಹೋಗುತ್ತದೆ ಅಂತ, ಅಂದುಬಿಟ್ಟೆ. ಅವನು ಏಣಿ ಹೆಗಲಿಗೇರಿಸಿ ನಡೆದ. ನನಗೆ ಸ್ಪ್ಲೈಸಿಂಗ್, ಈ ಎಳೆ ಜೋಡಿಸುವ ಕೆಲಸ, ಕಲಿಸಿದವನೇ ಅವನು... ಅಂದದ್ದು ಅಂದಾಯಿತು.

ಜೋಡಣೆಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಮಾಡಿದೆ. ಅಬ್ಬಾ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಜೋಡಿಸುವ ಮಷೀನಿನ ಪರದೆಯಲ್ಲಿ ಎರಡು ಎಳೆ ಎದುರುಬದುರಾಗಿ, ಕಿಡಿ ಹಾರಿ, ಒಂದಾಗುವುದನ್ನು ಉಸಿರು ಬಿಗಿಹಿಡಿದು ನೋಡಿದರು. "ಗಂಟ ಇಲ್ಲದ ಜೋಡ್ಸತೀಯಲ್ಲ" ಅಂದರು. ಅಮ್ಮಿ ಮದುವೆಯಾಗಿ ಬಂದಾಗಿನಿಂದ ಮಗ್ಗದ ಹಳೆಯ ಹಾಸಿನ ಎಳೆಗೆ ಹೊಸ ಎಳೆ ಹೊಸೆದು ಜೋಡಿಸುವ ಕೆಲಸ ಮಾಡಿದವರು. ಅವರದೂ ಗಂಟಿಲ್ಲದ ಜೋಡಣೆಯೇ. ಹೇಳಿದೆ. ಅಬ್ಬಾ ಖುಷಿಯಾದರು.

ಜೂನ್ 13

ಹೋಯಿತು.

ಜೂನ್ 15, ಶನಿವಾರ

ಹೋಗಿ ಬಂದೆ. ನಾನು ಹೋದರೆ ಎಲ್ಲ ಸರಿ. ಮೀಟರ್ ಸರಿ, ದೀಪ ಹಸಿರು, ಟವೆಲ್ ಬಿಳಿ, ಚಹಾ ಬಿಸಿ. ನನಗೇ ಭ್ರಮೆಯೇನೋ.

ಇವತ್ತು ಸಂಘ ಬೇಗ ಮುಚ್ಚಿತು. ಸೋಮವಾರ ಬಕ್ರೀದ್. ಅಬ್ಬಾ ನನ್ನ ಜೊತೆಯೇ ಮನೆಗೆ ಬಂದರು.

ಜೂನ್ 18, ಮಂಗಳವಾರ

ಹಬ್ಬ ಮುಗಿಯಿತು. ಕುರ್ಬಾನಿ ಪಾಲು ಹಂಚುವಾಗ ಅಮ್ಮಿ ಒಂದು ಡಬ್ಬಿ ನನ್ನ ಕೈಗಿಟ್ಟು, ದಿಲಾವರನ ಮನೆಗೆ ನೀನೇ ಹೋಗು ಅಂದರು. ಅವರಿಗೆ ಯಾರು ಹೇಳಿದರೋ ಜಗಳದ ಸುದ್ದಿ. ಹೋದೆ. ದಿಲಾವರಭಾಯಿ ಡಬ್ಬಿ ತಗೊಂಡ. ಹಾಗೇ ಒಳಗೆ ಹೋದ. ಅವನ ಹೆಂಡತಿ ಕೌಸರ ಶರಬತ್ತು ಕೊಟ್ಟಳು. ಕುಡಿದು ಬಂದೆ.

ವಿಚಿತ್ರ ಏನೆಂದರೆ ಶನಿವಾರದಿಂದ ಲೈನ್ ಒಂದು ಸಲವೂ ಹೋಗಿಲ್ಲ. ಮೊಬೈಲಿನಲ್ಲೇ ನೋಡುತ್ತಾ ಕೂತಿದ್ದೆ, ಹಸಿರು, ಹಸಿರು, ಹಸಿರು. ಹೊಸ ಜೋಡಣೆ ಕೆಲಸ ಮಾಡಿತು! ಅಬ್ಬಾ ಇವತ್ತು ಕೆಲಸಕ್ಕೆ ಹೋಗುವಾಗ ಹೇಳಿ ಕಳಿಸಿದೆ, ಬಾಷಾಸಾಬ್ರಿಗೆ ತಿಳಿಸ್ರಿ, ನಿಮ್ಮ ಜಬೀನಾ ಗೆದ್ದಳು ಅಂತ.

ಜೂನ್ 19

ಹೋಯಿತು. ರಜೆಯಲ್ಲಿ ಮಾತ್ರ ದುಡಿಯುವ ಲೈನ್. ಎಲ್ಲೂ ಕೇಳಿಲ್ಲ ಇಂಥದ್ದು.

ಜೂನ್ 20, ಗುರುವಾರ

ಇವತ್ತು ಲಕ್ಕಲಕಟ್ಟಿಯಲ್ಲಿ ಬೈಸಿಕೊಂಡೆ. ಮರಿಯವ್ವ ಅಂತ, ವಯಸ್ಸಾದ ಹೆಂಗಸು, ಸೊಸೆಯ ಮಗ್ಗಕ್ಕೆ ನೂಲು ಒಯ್ಯಲು ಎರಡು ದಿನದಿಂದ ಬಂದು ಹೋಗುತ್ತಿದ್ದಾಳೆ. ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡಿದಳು. "ಮೊದಲ ಬಸ್ಸಿನ್ಯಾಗ ಹೋಗಿ ತರತಿದ್ವಿ, ಸಿಗತಿತ್ತು. ಈಗ ಮನಿ ಮುಂದ ಐತಿ, ಸಿಗವಲ್ದು. ನಿನ್ನ ಬೆಳಕು ಬರೂತನಕ ನಮ್ಮ ಮಗ್ಗ ಉಪಾಸ ಇರಬೇಕೇನವಾ?"

ನಾನೂ ಮಗ್ಗದ ಮನೆಯವಳು. ಮಗ್ಗ ಸುಮ್ಮನೆ ಕೂತರೆ ಮನೆ ಹೇಗಿರುತ್ತದೆ ಗೊತ್ತು.

ದ್ಯಾಮೇಶ ಸರ್ ಮೆತ್ತಗೆ ಮಾತಾಡಿದರು. ಅವರು ಬೈದರೆ ಹೆದರಿಕೆಯಿಲ್ಲ, ಮೆತ್ತಗಾದರೆ ಹೆದರಿಕೆ. ಜುಲೈ ಒಂದರಿಂದ ಒಂದು ವಾರ ಪರೀಕ್ಷೆ. ನಡುವೆ ಒಮ್ಮೆ ಲೈನ್ ಹೋದರೂ ಸ್ಪ್ಲೈಸಿಂಗ್‌ಗೆ ಹುಬ್ಬಳ್ಳಿಯಿಂದ ಬೇರೆಯವನು. ನಾನು ರೋಣದ ಅಂಗಡಿಯಲ್ಲಿ ಕೌಂಟರ್. ಮಂದಿಗೆ ರಿಚಾರ್ಜ್ ಮಾಡಿಕೊಡುವುದು.

ಅತ್ತೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು. ಹೊರಗೆ ಬಂದರೆ ಅಬ್ಬಾ ಎಡಗೈಯಲ್ಲಿ ಚಹಾ ಹಿಡಿದು ನಿಂತಿದ್ದಾರೆ. "ನೀ ಚಿಂತಿ ಮಾಡಬ್ಯಾಡ. ನಾ ದಿನಾ ನೋಡಕೋತೀನಿ ನಿನ್ನ ಲೈನ. ನಾ ಇರೂತನಕ ಯಾರೂ ಮುಟ್ಟೂದಿಲ್ಲ."

ಜೂನ್ 26, ಬುಧವಾರ

ಬರೆಯಲೋ ಬೇಡವೋ. ಬರೆಯುತ್ತೇನೆ, ಇಲ್ಲಿ ಅಲ್ಲದೆ ಎಲ್ಲಿ.

ನರಗುಂದದ ಕಾಲೇಜು ನೋಡಲು ಹೊರಟಿದ್ದೆವು. ಸರ್‌ಗೆ ಬೇರೆ ಕೆಲಸ ಬಿತ್ತು, ನಾಳೆ ಅಂದರು. ಗಜೇಂದ್ರಗಡ ಬಸ್ ಸ್ಟ್ಯಾಂಡಿನಲ್ಲೇ ಇದ್ದೆ. ಸುಮ್ಮನೆ ಸಂಘಕ್ಕೆ ನಡೆದೆ. ಫೋನ್ ಮಾಡಲಿಲ್ಲ. ಅಬ್ಬಾ ನಮಾಜಿಗೆ ಹೋಗಿದ್ದರು. ದೀಪ ಕೆಂಪು. ಲೈನ್ ಇರಲಿಲ್ಲ.

ನಾನು ಬಂದಾಗ ಕೆಂಪು ದೀಪ ನೋಡಿದ್ದು ಇದೇ ಮೊದಲು.

ಡಬ್ಬಿಯ ಬಾಗಿಲು ತೆಗೆದೆ.

ಹಳದಿ ಕಾರ್ಡ್ ಕಂಡಿಕೆಗೆ ಸುತ್ತಿತ್ತು. ಅಬ್ಬಾನ ಹಳೆಯ ಕಂಡಿಕೆ, ಲಾಳಿಯ ಹೊಟ್ಟೆಯೊಳಗೆ ನೂಲು ತುಂಬಿ ಇಡುತ್ತಾರಲ್ಲ, ಬೆರಳಿನಷ್ಟು ದಪ್ಪದ್ದು. ಕೈ ತಾಗಿ ತಾಗಿ ನುಣುಪಾದದ್ದು. ಸುತ್ತಿನ ಪಕ್ಕ ಸುತ್ತು, ಒಂದರ ಮೇಲೊಂದು ಏರದ ಹಾಗೆ, ಎಷ್ಟು ಚೆಂದ ಅಂದರೆ ಸಿಟ್ಟೇ ಬರಲಿಲ್ಲ. ನಮ್ಮಲ್ಲಿ ನಿಯಮವಿದೆ, ಏನೇ ಮುಟ್ಟುವ ಮೊದಲು ಫೋಟೋ. ತೆಗೆದೆ. ಆಮೇಲೆ ಮೀಟರ್ ಹಚ್ಚಿದೆ. ಬೆಳಕೇ ಇಲ್ಲ. ಒಂದೊಂದೇ ಸುತ್ತು ಬಿಚ್ಚಿದೆ. ಒಂದೊಂದೇ ಸುತ್ತಿಗೆ ಬೆಳಕು ಏರಿತು. ಪೂರಾ ಬಿಚ್ಚಿದಾಗ ದೀಪ ಹಸಿರು.

ಫೈಬರನ್ನು ಸಣ್ಣದಾಗಿ ಬಾಗಿಸಬಾರದು. ಮೊದಲ ದಿನವೇ ಕಲಿಸುವ ಪಾಠ. ಕಾರ್ಡ್ ಮುರಿಯುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ, ತಿರುವಿನಲ್ಲಿ ಬೆಳಕು ಮಾತ್ರ ಹೊರಗೆ ಸೋರಿಹೋಗುತ್ತದೆ. ನಾನು ಅಬ್ಬಾಗೆ ಹೇಳಿದ್ದು ಜಗ್ಗಬೇಡಿ ಅಂತ ಮಾತ್ರ.

ಅಷ್ಟರಲ್ಲಿ ಬಂದರು. ನನ್ನ ಕೈಯಲ್ಲಿ ಕಂಡಿಕೆ ನೋಡಿ ಪೆಚ್ಚಾದರು. ಪೆಚ್ಚಾದದ್ದೂ ಬೇರೆ ಕಾರಣಕ್ಕೆ. "ಬರ್ತೀನಿ ಅಂತ ಫೋನ್ ಮಾಡಬೇಕಿಲ್ಲೇನ? ಬಿಚ್ಚಿ ಹರವಿ ಇಡತಿದ್ದೆ. ನಿನಗ ಕೆಲಸಕ್ಕ ಸಸಾರ ಆಗಲಿ ಅಂತ ನೀ ಬರೂಮುಂದ ಬಿಚ್ಚಿಡತೀನಿ. ನೀ ಹೋದಮ್ಯಾಲ ಸಂಜಿಮುಂದ ಮತ್ತ ಸುತ್ತಿಡತೀನಿ."

"ಯಾಕ್ರಿ ಅಬ್ಬಾ?"

"ನೋಡಿದಾವ್ರು ಏನಂದಾರು? ಗನಿ ಮಗಳು ಎಳಿ ಜೋತ ಬಿಟ್ಟ ಹೋಗ್ಯಾಳ ಅಂತಾರ. ನೀ ಜಗ್ಗಬ್ಯಾಡ್ರಿ ಅಂದಿದ್ದಿ. ಜಗ್ಗಿಲ್ಲ ನೋಡು. ಹಗೂರಕ ಸುತ್ತೀನಿ."

ಹೌದು. ಹಗುರಾಗಿಯೇ ಸುತ್ತಿದ್ದಾರೆ. ಆ ಭುಜದಲ್ಲಿ, ದಿನಾ ಸಂಜೆ, ಎಲ್ಲರೂ ಹೋದ ಮೇಲೆ.

"ಚಲೋ ಸುತ್ತೀರಿ ಅಬ್ಬಾ" ಅಂದೆ. ಕಂಡಿಕೆ ನನಗೆ ಬೇಕು ಅಂತ ಚೀಲಕ್ಕೆ ಹಾಕಿಕೊಂಡೆ. ಗಿಡ್ಡ ಕಾರ್ಡ್ ಹಾಕುತ್ತೇನೆ, ಇನ್ನು ಜೋತು ಬೀಳುವುದಿಲ್ಲ ಅಂದೆ. ಅವರಿಗೆ ಸಮಾಧಾನವಾಯಿತು.

ಜೂನ್ 27

ಗಿಡ್ಡ ಕಾರ್ಡ್ ಹಾಕಿದೆ. ಸರ್‌ಗೆ ಏನೋ ಹೇಳಲೇಬೇಕಿತ್ತು. ಫೋಟೋ ಕಳಿಸಿದೆ.

ಫೋನ್ ಬಂತು. "ಯಾರ ಇದನ್ನ ಸುತ್ತಿದವರು?"

ಅಬ್ಬಾನ ಹೆಸರು ಹೇಳಿದರೆ ಬಾಷಾಸಾಬ್ರ ಕಿವಿಗೆ ಹೋಗುತ್ತದೆ. ಸಂಘದ ಲೈನ್ ತಿಂಗಳಿಡೀ ಕೆಡಿಸಿದ ಜವಾನ. ಅದೂ ಹೋಗಲಿ. ಅಬ್ಬಾಗೆ ಗೊತ್ತಾಗುತ್ತದೆ. ಮರಿಯವ್ವನ ಮಗ್ಗ ಉಪವಾಸ ಇದ್ದದ್ದು, ನಾನು ಬಚ್ಚಲಲ್ಲಿ ಅತ್ತದ್ದು, ಎಲ್ಲ ತನ್ನ ಕೈಯಿಂದ ಅಂತ.

"ನಾನ್ರಿ ಸರ್" ಅಂದೆ.

"ಬೆಂಡ್ ಮಾಡಬಾರದು ಅಂತ ಗೊತ್ತಿಲ್ಲದಾಕಿ ಕೈಯಾಗ ನಾ ಕಾಲೇಜ ಹ್ಯಾಂಗ ಕೊಡಲಿ ಜಬೀನಾ?" ಸೋಮವಾರದಿಂದ ಕೌಂಟರ್‌ಗೆ ಬಾ ಅಂದರು.

ಸರಿ.

ಜೂನ್ 30, ಭಾನುವಾರ

ಅಬ್ಬಾ ಊಟಕ್ಕೆ ಏಳಲಿಲ್ಲ. ಪೇಟೆಯಲ್ಲಿ ಬಾಷಾಸಾಬ್ರು ಸಿಕ್ಕಿದ್ದರಂತೆ. ತಪ್ಪು ಸಿಕ್ಕಿತು ಗನಿ, ನಿನ್ನ ಮಗಳೇ ಎಳೆ ಸುತ್ತಿಟ್ಟಿದ್ದಳಂತೆ ಅಂದರಂತೆ.

"ಸುತ್ತಿದರ ಏನಾಕ್ಕೈತಿ ಬೇಟಾ?"

ಸುಳ್ಳು ಹೇಳಬಹುದಿತ್ತು. ಕೇಳಿದ ರೀತಿ ಹಾಗಿರಲಿಲ್ಲ. "ದೊಡ್ಡ ತಿರುವಿನ್ಯಾಗ ಬೆಳಕು ತಿರುಗಿ ಹೋಗ್ತೈತ್ರಿ. ಸಣ್ಣ ಸುತ್ತಿನ್ಯಾಗ ಹೊರಗ ಸೋರತೈತಿ."

ತಮ್ಮ ಎಡಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಅಮ್ಮಿ ತಾಟು ಮುಚ್ಚಿಟ್ಟರು.

ಜುಲೈ 3, ಬುಧವಾರ

ಕೌಂಟರ್ ಕೆಲಸದ ಮೂರನೇ ದಿನ. ಲೈನ್ ಹಸಿರು, ಅದೊಂದು ಸಮಾಧಾನ.

ಮಧ್ಯಾಹ್ನ ಅಂಗಡಿ ಮುಂದೆ ಒಗೆದ ಟೊಪ್ಪಿಗೆ. ಅಬ್ಬಾ! ಕೆಲಸ ಬಿಟ್ಟು ಒಬ್ಬರೇ ರೋಣದ ಬಸ್ ಹತ್ತಿ ಬಂದಿದ್ದಾರೆ. ನನ್ನ ಕಡೆ ನೋಡಲೂ ಇಲ್ಲ. ನೆಟ್ಟಗೆ ಒಳಗೆ ಹೋಗಿ ಸರ್ ಎದುರು ನಿಂತರು. ದಿಲಾವರಭಾಯಿಯೂ ಅಲ್ಲೇ ಕ್ಲಾಂಪ್ ಎಣಿಸುತ್ತಿದ್ದ.

"ಸಾಹೇಬ್ರ, ಆ ಫೋಟೋ ಸ್ವಲ್ಪ ತೋರಸ್ರಿ."

ಸರ್ ಮೊಬೈಲ್ ಕೊಟ್ಟರು. ಅಬ್ಬಾ ಬೆರಳಿಟ್ಟರು. "ಇದು ಎಡಗೈ ಸುತ್ತು. ನೋಡ್ರಿ ಎಳಿ ಯಾಕಡೆ ವಾಲೈತಿ. ನನ್ನ ಬಲಗೈ ಹೋಗೇತಿ. ನನ್ನ ಮಗಳದು ಬಲಗೈ. ಆಕಿ ಸುತ್ತಿದರ ಇತ್ತಾಗ ವಾಲಬೇಕು. ನೇಕಾರ್ರ ಓಣ್ಯಾಗ ಯಾರನ್ನ ಬೇಕಾದರೂ ಕೇಳ್ರಿ."

ಸರ್ ನನ್ನನ್ನು ಕರೆದರು. ಪೆನ್ನು, ಒಂದು ಕಾರ್ಡ್ ಕೊಟ್ಟು ಸುತ್ತು ಅಂದರು. ಸುತ್ತಿದೆ. ಬೇಕೆಂದೇ ಉಲ್ಟಾ ಸುತ್ತಲು ನೋಡಿದೆ, ಕೈ ಕೇಳಲಿಲ್ಲ, ಗೋಜಲಾಯಿತು. ಫೋಟೋ ಪಕ್ಕಕ್ಕಿಟ್ಟು ನೋಡಿದರು. ಮಗುವಿಗೂ ತಿಳಿಯುವಂತಿತ್ತು.

"ಯಾಕ ಸುತ್ತಿದ್ರಿ ಚಾಚಾ?"

"ನನ್ನ ಮಗಳ ಕೆಲಸ ಜೋತ ಬಿದ್ದಿದ್ದ ಕಾಣಬಾರದಂತ." ಅಬ್ಬಾ ನನ್ನ ಕಡೆ ಬೆರಳು ಮಾಡಿದರು. "ಆಕಿ ನನ್ನ ಮುಚ್ಚಾಕ ಹೋಗ್ಯಾಳ. ನನ್ನ ತಪ್ಪಿಗೆ ಆಕಿ ಕೈ ಕಟ್ಟಬ್ಯಾಡ್ರಿ."

ಅಳು ತಡೆಯಲಿಲ್ಲ. ಗಿರಾಕಿಗಳ ಮುಂದೆಯೇ. ಸರ್ ಅಬ್ಬಾಗೆ ಕುರ್ಚಿ ಹಾಕಿ, ನೀರು ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದರು. "ತಪ್ಪು ಮಾಡಿದವ್ರನ್ನ ಇಟಗೋಬಹುದು. ಫೋಟೋ ಕಳಿಸಿ ಸುಳ್ಳ ಹೇಳಿದಾಕಿನ್ನ ಹ್ಯಾಂಗ ನಂಬಲಿ?" ಅದೂ ಖರೇ. ನರಗುಂದಕ್ಕೆ ದಿಲಾವರಭಾಯಿ ಮುಂದೆ, ನಾನು ಅವನ ಕೈಕೆಳಗೆ. ಒಪ್ಪಿಗೆಯೇ ಅಂತ ಅವನನ್ನೇ ಕೇಳಿದರು. ದಿಲಾವರಭಾಯಿ ಕ್ಲಾಂಪ್ ಎಣಿಸುವುದು ನಿಲ್ಲಿಸಿ ಹೇಳಿದ: "ಬರಲಿ ಸರ್. ಆದರ ಕಂಬದ ಸುದ್ದಿಗೆ ಬರಬಾರದು."

ಬಸ್ಸಿನಲ್ಲಿ ಅವನಿಗೆ ಮಾಫಿ ಕೇಳಿದೆ. ಮುಖ ಕಿಟಕಿಗೆ ತಿರುಗಿಸಿಕೊಂಡು ಹೂಂ ಅಂದ.

ಜುಲೈ 5

ಬಾಷಾಸಾಬ್ರಿಗೂ ಅಬ್ಬಾ ತಾವೇ ಹೇಳಿದ್ದಾರೆ. ಕೂಗಾಡಿದರಂತೆ. ಜೋತುಬಿದ್ದ ಎಳೆಯ ಮಾತು ಎತ್ತಿದವನು ನಾನೇ ಅಲ್ಲವೇ ಅಂತ ಕಡೆಗೆ ಸುಮ್ಮನಾದರಂತೆ. ಡಬ್ಬಿಗೆ ಬೀಗ ಬಿತ್ತು. ಕೀಲಿ ಬಾಷಾಸಾಬ್ರ ಹತ್ತಿರ. ಅಬ್ಬಾ ಈಗ ಆ ಗೋಡೆಯ ಕಡೆ ಕಸ ಹೊಡೆಯಲೂ ಹೋಗುವುದಿಲ್ಲವಂತೆ. ಕೇಳಿ ಬೇಸರವಾಯಿತು. ಹೋಗ್ರಿ ಅಂದೆ. ಹೂಂ ಅಂದರು, ಅಷ್ಟೇ.

ಜುಲೈ 8, ಸೋಮವಾರ. ಬೆಳಿಗ್ಗೆ

ವಾರ ಮುಗಿಯಿತು. ಒಮ್ಮೆಯೂ ಹೋಗಲಿಲ್ಲ. ದುರ್ಗಾ ಫೋನ್ ಮಾಡಿದ್ದಳು. ಮರಿಯವ್ವ ನೂಲು ಒಯ್ದಳಂತೆ, ನಿಮ್ಮ ಬೆಳಕಿಗೆ ಒಳ್ಳೇದಾಗಲಿ ಅಂದಳಂತೆ.

ಇವತ್ತು ನರಗುಂದ. ಚೀಲ ಕಟ್ಟುತ್ತಿದ್ದೆ. ಎರಡು ದಿನದಿಂದ ಹಿತ್ತಲಲ್ಲಿ ಅಬ್ಬಾ ಏನೋ ಕೆರೆಯುತ್ತಿದ್ದರು, ಕೇಳಿದರೆ ಹೇಳುತ್ತಿರಲಿಲ್ಲ. ಈಗ ತಂದರು. ಬಿದಿರ ಸೀಳು ಬಾಗಿಸಿ ಕಟ್ಟಿದ ದೊಡ್ಡ ಬಳೆ, ಊಟದ ತಾಟಿನಷ್ಟು. ಮೇಲೆ ಹಳೆಯ ಸೀರೆಯ ಅಂಚು ಸುತ್ತಿದ್ದಾರೆ.

"ಇಷ್ಟ ದೊಡ್ಡ ತಿರುವಾದರ ಬೆಳಕು ಸೋರೂದಿಲ್ಲಲ್ಲ?"

"ಇಲ್ರಿ ಅಬ್ಬಾ. ಬರೋಬ್ಬರಿ ಐತಿ."

"ಉದ್ದ ಉಳದದ್ದ ಎಳಿ ಇದಕ ಹಾಕು."

ನೋಡಿದೆ. ಚೀಲದಲ್ಲಿದ್ದ ಉದ್ದ ಕಾರ್ಡ್ ಒಂದನ್ನು ಆಗಲೇ ಅದಕ್ಕೆ ಹಾಕಿ ನೋಡಿದ್ದಾರೆ. ಸಡಿಲಾಗಿ. ಸುತ್ತು ಸುತ್ತಿಗೆ ತಾಗಿಲ್ಲ. ತುದಿ ಒಳಗೆ ಸಿಕ್ಕಿಸಿಲ್ಲ, ಗೇಣುದ್ದ ಕೆಳಗೆ ನೇತಾಡುತ್ತಿದೆ. ಅಬ್ಬಾನ ಕೈಕೆಲಸ, ಆದರೂ ನೇತಾಡುತ್ತಿದೆ.

"ಅದನ್ನ ಜೋತ ಬಿಟ್ಟೀನಿ" ಅಂದರು. ನನ್ನ ಮುಖ ನೋಡಲಿಲ್ಲ. "ಇರಲಿ. ಯಾರರೆ ಏನರೆ ಅಂದರ, ನನ್ನ ಹೆಸರ ಹೇಳು."

ದಿಲಾವರಭಾಯಿ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅಬ್ಬಾ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ, ಎಡಗೈಯಲ್ಲಿ ಬಳೆ ಹಿಡಿದು, ಆ ತುದಿ ಗಾಳಿಗೆ ತೂಗುತ್ತಿದೆ.